ಆಸ್ತಿ ಮಾಹಿತಿ ಅಂತರ್ಜಾಲಕ್ಕೆ: ಮಧ್ಯವರ್ತಿಗಳು ಹಂಚಿಕೊಳ್ಳಬೇಕೆ?

ಹೊಸದುರ್ಗ ತಾಲ್ಲೂಕಿನ ಬಾಗೂರಿನಂತಹ ಊರುಗಳಲ್ಲಿ ಒಂದು ತೆಂಗಿನ ತೋಟವೋ, ರಸ್ತೆ ಬದಿಯ ನಿವೇಶನವೋ ಮಾರಾಟಕ್ಕಿದೆ ಎಂಬ ಸಂಗತಿ ಬಹುಕಾಲದಿಂದ ಒಬ್ಬರ ಬಾಯಿಂದ ಮತ್ತೊಬ್ಬರ ಕಿವಿಗೆ ಸಾಗುತ್ತ ಬಂದಿದೆ. ಮಾರುವವರು ಯಾರು, ಕೊಳ್ಳಬಲ್ಲವರು ಯಾರು ಎಂಬ ಎರಡು ಮಾಹಿತಿಗಳೇ ದಲ್ಲಾಳಿಯ ಬಂಡವಾಳ. ಇವೆರಡನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು, ಇಬ್ಬರನ್ನೂ ಒಂದು ಕಡೆ ಕೂರಿಸಿ, ಮಾತು ಮುಗಿಸಿ, ನೋಂದಣಿ ಕಚೇರಿಯವರೆಗೆ ಕರೆದೊಯ್ಯುವುದು ಅವನ ವೃತ್ತಿ. ಶೇಕಡಾ ಒಂದೋ ಎರಡೋ ದಲ್ಲಾಳಿ ಅದಕ್ಕೆ ಸಲ್ಲುವ ಪ್ರತಿಫಲ.

ಈ ಬಂಡವಾಳದ ಮೊದಲ ಭಾಗವನ್ನು, ಅಂದರೆ ಮಾರಾಟಕ್ಕಿರುವ ಆಸ್ತಿಗಳ ಪಟ್ಟಿಯನ್ನು, ತಮಗೆ ಒಪ್ಪಿಸುವಂತೆ ಅಂತರ್ಜಾಲದ ಆಸ್ತಿ ತಾಣಗಳು ಮಧ್ಯವರ್ತಿಗಳನ್ನು ಕೇಳುತ್ತಿವೆ. ಒಪ್ಪಿಸಬೇಕೆ, ಬೇಡವೆ ಎಂಬ ಪ್ರಶ್ನೆ ಬೆಂಗಳೂರಿನ ಮಧ್ಯವರ್ತಿಗಳಿಗೆ ಹಳೆಯದು. ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗದಂತಹ ಪಟ್ಟಣಗಳಿಗೆ ಅದು ತಡವಾಗಿ ಬಂದಿದೆಯಾದರೂ ಬಂದಿರುವುದಂತೂ ನಿಜ. ಅಂಗಡಿ, ಗೋದಾಮು, ಷೆಡ್ಡು, ಕೈಗಾರಿಕಾ ನಿವೇಶನಗಳನ್ನು ಕೊಳ್ಳುವ ಹಾಗೂ ಮಾರುವ ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಇದು ನೇರವಾಗಿ ಸಂಬಂಧಿಸಿದ ವಿಷಯ.

ಬದಲಾದ ಸನ್ನಿವೇಶ

ದೇಶದಲ್ಲಿ ಆಸ್ತಿ ತಾಣಗಳ ಬೆಳವಣಿಗೆ ಎರಡು ದಶಕಗಳ ಕಥೆ. ಇನ್ಫೋ ಎಡ್ಜ್ ಸಂಸ್ಥೆಯ 99ಏಕರ್ಸ್ 2005ರಲ್ಲಿ, ಮ್ಯಾಜಿಕ್‌ಬ್ರಿಕ್ಸ್ 2006ರಲ್ಲಿ, ಹೌಸಿಂಗ್ ಡಾಟ್ ಕಾಮ್ 2012ರಲ್ಲಿ ಆರಂಭವಾದವು. ಬೆಂಗಳೂರಿನಲ್ಲಿ 2014ರಲ್ಲಿ ಹುಟ್ಟಿದ ನೋಬ್ರೋಕರ್ ತನ್ನ ಹೆಸರಿನಲ್ಲಿಯೇ ಮಧ್ಯವರ್ತಿ ಬೇಡವೆಂದು ಸಾರಿತು. 2021ರಲ್ಲಿ ಅದರ ಮೌಲ್ಯ ನೂರು ಕೋಟಿ ಡಾಲರ್ ದಾಟಿತು. ಉಳಿದ ತಾಣಗಳು ಮಧ್ಯವರ್ತಿಗಳನ್ನು ಹೊರಗಿಡಲಿಲ್ಲ. ಅವರಿಂದ ಮಾಹಿತಿ ಪಡೆದು, ವಿಚಾರಿಸಲು ಬಂದ ಗ್ರಾಹಕರ ದೂರವಾಣಿ ಸಂಖ್ಯೆಗಳನ್ನು ಅವರಿಗೇ ಶುಲ್ಕಕ್ಕೆ ಒದಗಿಸುವ ವ್ಯವಹಾರವನ್ನು ಕಟ್ಟಿಕೊಂಡವು.

ಚಿತ್ರದುರ್ಗ ಜಿಲ್ಲೆಯ ಮಟ್ಟಿಗೆ ನಿರ್ಣಾಯಕವಾದ ಬದಲಾವಣೆ 2020ರದು. ಆ ವರ್ಷದ ಭೂ ಸುಧಾರಣಾ ತಿದ್ದುಪಡಿಯು 79ಎ ಮತ್ತು 79ಬಿ ಕಲಂಗಳನ್ನು ತೆಗೆದುಹಾಕಿದ್ದರಿಂದ, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಲು ದಾರಿ ತೆರೆಯಿತು. 2022ರಲ್ಲಿ ವಾಣಿವಿಲಾಸ ಸಾಗರವು 1933ರ ನಂತರ ಮೊದಲ ಬಾರಿಗೆ ಕೋಡಿ ಹರಿಯಿತು. ಭದ್ರಾ ಮೇಲ್ದಂಡೆ ಯೋಜನೆ, ತುಮಕೂರು–ದಾವಣಗೆರೆ ನೇರ ರೈಲು ಮಾರ್ಗ, ಷಟ್ಪಥ ಹೆದ್ದಾರಿ ಮುಂತಾದ ಸುದ್ದಿಗಳೂ ಸೇರಿಕೊಂಡವು. ಬೆಂಗಳೂರಿನ ಉದ್ಯೋಗಸ್ಥನೊಬ್ಬನು ತನ್ನ ಮೊಬೈಲಿನಲ್ಲಿ ‘ಹಿರಿಯೂರು ತೋಟ’ ಎಂದು ಹುಡುಕುವ ಕಾಲ ಬಂದಿತು. ಆತನಿಗೆ ಬಾಗೂರಿನ ದಲ್ಲಾಳಿಯ ಪರಿಚಯವಿಲ್ಲ. ಬಾಗೂರಿನ ದಲ್ಲಾಳಿಗೂ ಆತನ ಪರಿಚಯವಿಲ್ಲ. ಇಬ್ಬರ ನಡುವೆ ನಿಂತಿರುವುದು ತಾಣ.

ಮಧ್ಯವರ್ತಿಗಳ ಆತಂಕ

ಮಾಹಿತಿ ಹಂಚಿಕೊಳ್ಳಲು ಹಿಂಜರಿಯುವವರ ವಾದಗಳನ್ನು ತಿರಸ್ಕಾರದಿಂದ ನೋಡುವುದು ಸರಿಯಲ್ಲ. ಮೊದಲನೆಯದಾಗಿ, ಓಡಾಡಿ ಸಂಗ್ರಹಿಸಿದ ಮಾಹಿತಿ ಒಮ್ಮೆ ಬಹಿರಂಗವಾದರೆ ಬೇರೆ ಮಧ್ಯವರ್ತಿ ನೇರವಾಗಿ ಮಾಲೀಕನ ಮನೆಗೆ ಹೋಗುತ್ತಾನೆ. ಎರಡನೆಯದಾಗಿ, ತಾಣದ ಮೂಲಕ ಬಂದ ಒಬ್ಬನೇ ಗ್ರಾಹಕನ ಸಂಖ್ಯೆಯನ್ನು ಹಲವರಿಗೆ ಮಾರಿದಾಗ ಹಣ ಕೊಟ್ಟ ಹಲವರಲ್ಲಿ ಒಬ್ಬನಿಗೆ ಮಾತ್ರ ವ್ಯವಹಾರ ಕುದುರುತ್ತದೆ. ಮೂರನೆಯದಾಗಿ, ಮೊದಲು ಉಚಿತವಾಗಿದ್ದ ಪ್ರಕಟಣೆಗೆ ನಂತರ ಶುಲ್ಕ, ಆಮೇಲೆ ಪಟ್ಟಿಯ ಮೇಲ್ಭಾಗದಲ್ಲಿ ಕಾಣಿಸಿಕೊಳ್ಳಲು ಹೆಚ್ಚುವರಿ ಶುಲ್ಕ ಎಂಬ ಅನುಭವ ಹೊಸದೇನಲ್ಲ.

ಈ ಆತಂಕ ಕಾಲ್ಪನಿಕವಲ್ಲ ಎಂಬುದಕ್ಕೆ ಬ್ರಿಟನ್ನಿನ ಅನುಭವವೇ ಸಾಕ್ಷಿ. ಅಲ್ಲಿನ ಅತಿ ದೊಡ್ಡ ಆಸ್ತಿ ತಾಣವಾದ ರೈಟ್‌ಮೂವ್ ಅನ್ನು 2000ದಲ್ಲಿ ಕಟ್ಟಿದವರು ದೊಡ್ಡ ಮಧ್ಯವರ್ತಿ ಸಂಸ್ಥೆಗಳೇ. 2006ರಲ್ಲಿ ಅದು ಷೇರುಪೇಟೆಗೆ ಹೋಯಿತು. ಮಧ್ಯವರ್ತಿಗಳ ಮೇಲಿನ ಮಾಸಿಕ ಶುಲ್ಕ ಏರುತ್ತಲೇ ಹೋಯಿತು. ಬೇಸತ್ತ ಮಧ್ಯವರ್ತಿಗಳು ಒಗ್ಗೂಡಿ 2015ರ ಜನವರಿಯಲ್ಲಿ ಆನ್‌ದಿಮಾರ್ಕೆಟ್ ಎಂಬ ತಮ್ಮದೇ ತಾಣವನ್ನು ತೆರೆದರು. ಅದರ ಸದಸ್ಯರು ಬೇರೆ ಒಂದು ತಾಣದಲ್ಲಿ ಮಾತ್ರ ಪ್ರಕಟಿಸಬಹುದೆಂಬ ನಿಯಮವನ್ನೂ ಮಾಡಿಕೊಂಡರು. 2017ರಲ್ಲಿ ಅಲ್ಲಿನ ಸ್ಪರ್ಧಾ ನ್ಯಾಯಮಂಡಳಿ ಆ ನಿಯಮವನ್ನು ಎತ್ತಿಹಿಡಿದರೂ ಮಾರುಕಟ್ಟೆ ಎತ್ತಿಹಿಡಿಯಲಿಲ್ಲ. ಮಾಲೀಕರು ತಮ್ಮ ಮನೆ ಹೆಚ್ಚು ಜನ ನೋಡುವ ಕಡೆಯೇ ಕಾಣಬೇಕೆಂದು ಬಯಸಿದರು. 2023ರಲ್ಲಿ ಆ ತಾಣ ಅಮೆರಿಕದ ಕೋಸ್ಟಾರ್ ಸಂಸ್ಥೆಯ ಪಾಲಾಯಿತು.

ಇದರಲ್ಲಿ ಎರಡು ಪಾಠಗಳಿವೆ. ತಾಣಗಳನ್ನು ಕಣ್ಣು ಮುಚ್ಚಿ ನಂಬಿದವರು ಅವುಗಳಿಗೆ ಬಾಡಿಗೆ ಕಟ್ಟುವವರಾಗುತ್ತಾರೆ. ತಾಣಗಳನ್ನು ಬಹಿಷ್ಕರಿಸಿದವರು ತಮ್ಮ ಗ್ರಾಹಕರನ್ನೇ ಕಳೆದುಕೊಳ್ಳುತ್ತಾರೆ.

ತಾಣಗಳೂ ಶಾಶ್ವತವಲ್ಲ. ಬೆಂಗಳೂರಿನಲ್ಲೇ ಬೆಳೆದ ಕಾಮನ್‌ಫ್ಲೋರ್ 2016ರಲ್ಲಿ ಕ್ವಿಕರ್ ಸಂಸ್ಥೆಗೆ ಮಾರಾಟವಾಯಿತು. 2024ರ ಮಾರ್ಚ್ 1ರಂದು ಸೇವಾ ಶುಲ್ಕದ ವಿವಾದದಲ್ಲಿ ಗೂಗಲ್ ಸಂಸ್ಥೆಯು ತನ್ನ ಪ್ಲೇ ಸ್ಟೋರ್‌ನಿಂದ 99ಏಕರ್ಸ್ ಸೇರಿದಂತೆ ಹಲವು ಭಾರತೀಯ ಆ್ಯಪ್‌ಗಳನ್ನು ತೆಗೆದುಹಾಕಿತು; ಕೇಂದ್ರ ಸರ್ಕಾರ ಮಧ್ಯೆ ಪ್ರವೇಶಿಸಿದ ಬಳಿಕ ಅವು ಮರಳಿದವು. ದಲ್ಲಾಳಿಗೆ ತಾಣ ದೊಡ್ಡದು. ತಾಣಕ್ಕೂ ಒಬ್ಬ ದೊಡ್ಡ ಧಣಿ ಇದ್ದಾನೆ. ಆದುದರಿಂದ ತನ್ನ ಗ್ರಾಹಕರ ಮೂಲ ಪಟ್ಟಿಯನ್ನು ಪರರ ಕಣಜದಲ್ಲಿ ಮಾತ್ರ ಇಟ್ಟು ನಿಶ್ಚಿಂತನಾಗಿರುವುದು ಯಾವ ವ್ಯಾಪಾರಿಗೂ ತರವಲ್ಲ.

ಮಂಡಿಯ ಅನುಭವ

ಈ ಪತ್ರಿಕೆಯ ಓದುಗರಲ್ಲಿ ಅನೇಕರಿಗೆ ಕೃಷಿ ಉತ್ಪನ್ನ ಮಾರುಕಟ್ಟೆಯ ಅನುಭವವಿದೆ. 2014ರಲ್ಲಿ ಕರ್ನಾಟಕವು ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿ, ಲಾಟ್‌ಗಳ ವಿವರವನ್ನು ಗಣಕಯಂತ್ರದ ಮೂಲಕ ಪರವಾನಗಿ ಪಡೆದ ಎಲ್ಲ ಖರೀದಿದಾರರ ಮುಂದಿಟ್ಟಾಗ, ದಲಾಲರ ಕಾಲ ಮುಗಿಯಿತೆಂಬ ಮಾತು ಕೇಳಿಬಂದಿತ್ತು. ದಲಾಲಿ ಮಂಡಿಗಳು ಮುಚ್ಚಲಿಲ್ಲ. ರೈತನಿಗೆ ಮುಂಗಡ, ಮಾಲಿಗೆ ಜಾಗ, ತೂಕ, ಹಣ ಸಂದಾಯದ ಹೊಣೆ ಇವೆಲ್ಲಕ್ಕೂ ಒಬ್ಬ ಮನುಷ್ಯ ಬೇಕಾಗಿಯೇ ಇದ್ದನು. ಹೋದದ್ದು, ಯಾವ ಮಾಲು ಬಂದಿದೆ ಎಂಬುದು ಕೆಲವರಿಗೆ ಮಾತ್ರ ಗೊತ್ತಿರುವ ಅನುಕೂಲ.

ಆದರೆ ಹೋಲಿಕೆಗೂ ಒಂದು ಮಿತಿಯಿದೆ. ಕೊಬ್ಬರಿಯ ಚೀಲವನ್ನು ಬಿಚ್ಚಿ ಕೈಯಲ್ಲಿ ಹಿಡಿದು ನೋಡಬಹುದು. ಜಮೀನಿನ ಗುಣ ಮಣ್ಣಿನಲ್ಲಿ ಅರ್ಧ, ಕಾಗದದಲ್ಲಿ ಅರ್ಧ. ಪಹಣಿ ಯಾರ ಹೆಸರಿನಲ್ಲಿದೆ, ಪೋಡಿ ಆಗಿದೆಯೆ, 11ಇ ನಕ್ಷೆ ದೊರೆಯುತ್ತದೆಯೆ, ಋಣಭಾರ ಪತ್ರದಲ್ಲಿ ಬ್ಯಾಂಕಿನ ಸಾಲ ಕಾಣುತ್ತದೆಯೆ, ಅಣ್ಣತಮ್ಮಂದಿರ ವಿಭಾಗವಾಗಿದೆಯೆ, ಹೆಣ್ಣುಮಕ್ಕಳ ಒಪ್ಪಿಗೆ ಇದೆಯೆ ಎಂಬುದನ್ನು ತಾಣದ ಛಾಯಾಚಿತ್ರ ಹೇಳದು. ಸರ್ಕಾರ ಮಂಜೂರು ಮಾಡಿದ ಪರಿಶಿಷ್ಟರ ಜಮೀನಾಗಿದ್ದರೆ 1978ರ ಪರಭಾರೆ ನಿಷೇಧ ಕಾಯ್ದೆ ಅನ್ವಯಿಸುತ್ತದೆ. ಅಂತಹ ಜಮೀನನ್ನು ಮರಳಿ ಪಡೆಯುವ ಅರ್ಜಿಗೆ ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಬೆಂಗಳೂರಿನಿಂದ ಬಂದು ಸುಂದರ ಚಿತ್ರ ನೋಡಿ ಮುಂಗಡ ಕೊಟ್ಟವನು ಈ ಒಂದು ಸಂಗತಿ ತಿಳಿಯದೆ ಹಣವನ್ನೂ ಜಮೀನನ್ನೂ ಕಳೆದುಕೊಳ್ಳಬಹುದು.

ಕೊಳವೆ ಬಾವಿಯ ವಿಷಯವೂ ಹಾಗೆಯೇ. ‘ನೀರಾವರಿ ಜಮೀನು’ ಎಂದು ಪ್ರಕಟಿಸುವುದು ಸುಲಭ. ಏಪ್ರಿಲ್–ಮೇ ತಿಂಗಳಿನಲ್ಲಿ ಎಷ್ಟು ಇಂಚು ನೀರು ಬರುತ್ತದೆ, ಕಳೆದ ಬರಗಾಲದಲ್ಲಿ ತೋಟ ಉಳಿಯಿತೆ, ಟ್ಯಾಂಕರ್ ಹೊಡೆಸಿದರೆ ಎಂಬುದನ್ನು ಬಲ್ಲವನು ಸ್ಥಳೀಯ ಮಧ್ಯವರ್ತಿ. ಇಲ್ಲಿಯೇ ಮುಖ್ಯ ಅಂಶ ಸ್ಪಷ್ಟವಾಗುತ್ತದೆ. ‘ಇಂತಹ ಕಡೆ ಜಮೀನಿದೆ’ ಎಂಬ ಮಾಹಿತಿಯ ಬೆಲೆ ದಿನೇ ದಿನೇ ಇಳಿಯುತ್ತಿದೆ. ‘ಈ ಜಮೀನು ಎಂತಹದು’ ಎಂಬ ತಿಳಿವಳಿಕೆಯ ಬೆಲೆ ಏರುತ್ತಿದೆ. ಮೊದಲನೆಯದನ್ನು ಬಚ್ಚಿಟ್ಟು ಬದುಕುವ ಮಧ್ಯವರ್ತಿಗೆ ಉಳಿಗಾಲ ಕಡಿಮೆ. ಎರಡನೆಯದನ್ನು ಹೊಣೆಯಿಂದ ಒದಗಿಸುವವನಿಗೆ ತಾಣವು ಶತ್ರುವಲ್ಲ.

ಮಾಹಿತಿ ಯಾರ ಸ್ವತ್ತು?

ಇಡೀ ಚರ್ಚೆಯಲ್ಲಿ ಒಬ್ಬನ ಮಾತು ಕೇಳಿಬರುತ್ತಿಲ್ಲ. ಆತನೇ ಆಸ್ತಿಯ ಮಾಲೀಕ. ಮಧ್ಯವರ್ತಿ ‘ನನ್ನ ಮಾಹಿತಿ’ ಎನ್ನುತ್ತಾನೆ. ತಾಣ ‘ನಮ್ಮ ದತ್ತಾಂಶ’ ಎನ್ನುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ ದೃಷ್ಟಿಯಲ್ಲಿ ಮಧ್ಯವರ್ತಿಯು ಮಾಲೀಕನ ಪ್ರತಿನಿಧಿ. ಧಣಿಯ ಸೂಚನೆಯಂತೆ ನಡೆಯುವುದು, ಲೆಕ್ಕ ಒಪ್ಪಿಸುವುದು, ಸಂದೇಹ ಬಂದಾಗ ಆತನನ್ನು ಕೇಳುವುದು ಪ್ರತಿನಿಧಿಯ ಕರ್ತವ್ಯಗಳು. ಹೀಗಿರುವಾಗ ಮಾಲೀಕನ ಒಪ್ಪಿಗೆ ಇಲ್ಲದೆ ಆಸ್ತಿಯನ್ನು ತಾಣಕ್ಕೆ ಏರಿಸುವುದು ತಪ್ಪು. ಹೆಚ್ಚು ಬೆಲೆ ಬರಲೆಂದು ಪ್ರಕಟಣೆಯನ್ನು ಬಯಸುವ ಮಾಲೀಕನಿಂದ ತಾಣವನ್ನು ಮರೆಮಾಡಿ, ತನಗೆ ಬೇಕಾದ ಒಬ್ಬ ಗಿರಾಕಿಗೆ ಅಗ್ಗವಾಗಿ ಕೊಡಿಸುವುದೂ ಅಷ್ಟೇ ತಪ್ಪು.

ಎರಡನೆಯ ತಪ್ಪಿನ ಭಾರ ಹೆಚ್ಚಾಗಿ ಬೀಳುವುದು ಬಡವರ ಮೇಲೆ. ಮಗಳ ಮದುವೆಗೋ, ಆಸ್ಪತ್ರೆಯ ಖರ್ಚಿಗೋ, ಸಾಲ ತೀರಿಸುವುದಕ್ಕೋ ಎರಡು ಎಕರೆ ಮಾರುವ ರೈತನಿಗೆ ಕೊಳ್ಳುವವರು ಊರಿನಲ್ಲಿ ಇಬ್ಬರೋ ಮೂವರೋ ಇರುತ್ತಾರೆ. ಅವರೂ ಪರಸ್ಪರ ಮಾತನಾಡಿಕೊಂಡಿರುತ್ತಾರೆ. ಹತ್ತು ಜನ ನೋಡುವ ಕಡೆ ಆ ಜಮೀನು ಕಂಡರೆ ಆತನ ಕೈಗೆ ನಾಲ್ಕು ಕಾಸು ಹೆಚ್ಚು ಬರುತ್ತದೆ. ಷೆಡ್ಡು ವಿಸ್ತರಿಸಲು ಜಾಗ ಹುಡುಕುತ್ತಿರುವ ಸ್ಥಳೀಯ ಉದ್ಯಮಿಗೆ ಇದರಿಂದ ಬೆಲೆ ಏರುತ್ತದೆ ಎಂಬುದೂ ಸತ್ಯ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಇಂದು ಕೊಳ್ಳುವವನೇ ನಾಳೆ ಮಾರುವವನು. ಮಾಹಿತಿಯ ಅಭಾವದಿಂದ ಹುಟ್ಟಿದ ಅಗ್ಗದ ಬೆಲೆಯನ್ನು ನ್ಯಾಯದ ಬೆಲೆ ಎನ್ನಲಾಗದು.

ವರ್ತಕನ ಗೌಪ್ಯ

ಇದರ ಎದುರು ಪಕ್ಕದಲ್ಲಿ ವರ್ತಕ ಸಮುದಾಯಕ್ಕೆ ಮಾತ್ರ ಅರ್ಥವಾಗುವ ಒಂದು ಸೂಕ್ಷ್ಮವಿದೆ. ಪೇಟೆಯ ವ್ಯವಹಾರ ನಡೆಯುವುದು ಉದ್ದರಿಯ ಮೇಲೆ, ಉದ್ದರಿ ನಡೆಯುವುದು ನಂಬಿಕೆಯ ಮೇಲೆ. ಕಿರಾಣಿ ಸಗಟು ವ್ಯಾಪಾರಿಯೊಬ್ಬನು ತನ್ನ ಗೋದಾಮನ್ನು ಮಾರಲು ಇಚ್ಛಿಸುತ್ತಾನೆ ಎಂದುಕೊಳ್ಳೋಣ. ಕಾರಣ ವ್ಯಾಪಾರ ವಿಸ್ತರಣೆಯೇ ಇರಬಹುದು. ಆದರೆ ಬೆಲೆ ಸಮೇತ ಅದರ ಚಿತ್ರ ತಾಣದಲ್ಲಿ ಕಾಣಿಸಿದ ಮರುದಿನವೇ, ‘ಸೇಠರಿಗೆ ಕೈ ಕಟ್ಟಿದೆಯಂತೆ’ ಎಂಬ ಮಾತು ಪೇಟೆಯಲ್ಲಿ ಹರಡುತ್ತದೆ. ತಿಂಗಳ ಅವಧಿ ಕೊಡುತ್ತಿದ್ದವನು ನಗದು ಕೇಳುತ್ತಾನೆ. ಠೇವಣಿ ಇಟ್ಟವನು ವಾಪಸು ಕೇಳುತ್ತಾನೆ. ಕೆಲಸಗಾರರು ಬೇರೆ ಕಡೆ ನೋಡತೊಡಗುತ್ತಾರೆ. ಇಲ್ಲದ ತೊಂದರೆಯನ್ನು ಒಂದು ಪ್ರಕಟಣೆ ಸೃಷ್ಟಿಸಬಲ್ಲದು.

ಭೂಮಿ ಯೋಜನೆಯಿಂದಾಗಿ ಸರ್ವೆ ಸಂಖ್ಯೆ ತಿಳಿದರೆ ಸಾಕು, ಪಹಣಿಯಲ್ಲಿ ಮಾಲೀಕನ ಹೆಸರನ್ನು ಯಾರು ಬೇಕಾದರೂ ನೋಡಬಹುದು. ಆದ್ದರಿಂದ ಹೆಸರು ಹಾಕದೆ ಸರ್ವೆ ಸಂಖ್ಯೆಯನ್ನು ಮಾತ್ರ ಪ್ರಕಟಿಸಿದರೂ ಗುಟ್ಟು ಉಳಿಯದು. ಎಲ್ಲ ಆಸ್ತಿಗಳನ್ನೂ, ಎಲ್ಲ ವಿವರಗಳನ್ನೂ ತಾಣಗಳಿಗೆ ಸುರಿಯಬೇಕೆಂಬ ವಾದ ಈ ಕಾರಣದಿಂದ ನಿಲ್ಲುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಮಾಲೀಕನ ಹೆಸರು, ದೂರವಾಣಿ ಸಂಖ್ಯೆಗಳನ್ನು ಒಪ್ಪಿಗೆಯಿಲ್ಲದೆ ಮೂರನೆಯವರಿಗೆ ರವಾನಿಸುವ ಹಳೆಯ ರೂಢಿಯನ್ನು ಮಧ್ಯವರ್ತಿಗಳೂ ತಾಣಗಳೂ ಬಿಡಬೇಕಾಗುತ್ತದೆ.

ಕಾನೂನಿನ ಚೌಕಟ್ಟು

2016ರ ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆ, ಅಂದರೆ ರೇರಾ, ಕುರಿತು ಸಣ್ಣ ಪಟ್ಟಣಗಳಲ್ಲಿ ಇನ್ನೂ ಉದಾಸೀನವಿದೆ. ಐನೂರು ಚದರ ಮೀಟರಿಗಿಂತ ಹೆಚ್ಚಿನ ಬಡಾವಣೆಯಾಗಲಿ, ಎಂಟಕ್ಕಿಂತ ಹೆಚ್ಚು ಮನೆಗಳ ಕಟ್ಟಡವಾಗಲಿ ನೋಂದಣಿಯಾಗದೆ ಜಾಹೀರಾತು ನೀಡುವಂತಿಲ್ಲ. ನೋಂದಾಯಿತ ಯೋಜನೆಯ ನಿವೇಶನ ಮಾರಿಸುವ ಮಧ್ಯವರ್ತಿಯೂ 9ನೇ ಕಲಂ ಪ್ರಕಾರ ನೋಂದಾಯಿಸಿಕೊಂಡಿರಬೇಕು. ತಪ್ಪಿದರೆ ದಿನಕ್ಕೆ ಹತ್ತು ಸಾವಿರ ರೂಪಾಯಿಯಂತೆ, ಆಸ್ತಿಯ ಮೌಲ್ಯದ ಶೇಕಡಾ ಐದರವರೆಗೆ ದಂಡ ವಿಧಿಸಬಹುದು. ಸುಳ್ಳು ಹೇಳಿಕೆ, ಒದಗಿಸುವ ಉದ್ದೇಶವಿಲ್ಲದ ಸೇವೆಯ ಜಾಹೀರಾತು ಇವನ್ನು 10ನೇ ಕಲಂ ನಿಷೇಧಿಸಿದೆ.

ಬಾಯಿಮಾತಿನ ಸುಳ್ಳಿಗೆ ಸಾಕ್ಷಿ ಇರುತ್ತಿರಲಿಲ್ಲ. ತಾಣದಲ್ಲಿ ಪ್ರಕಟವಾದದ್ದು ದಿನಾಂಕ ಸಮೇತ ಉಳಿಯುತ್ತದೆ. ಭೂ ಪರಿವರ್ತನೆಯಾಗದ ಜಮೀನನ್ನು ‘ಸೈಟು’ ಎಂದು ಏರಿಸಿದವನು ತನ್ನ ವಿರುದ್ಧದ ದಾಖಲೆಯನ್ನು ತಾನೇ ಬರೆದುಕೊಟ್ಟಂತೆ. ಪ್ರಾಮಾಣಿಕ ಮಧ್ಯವರ್ತಿಗೆ ಇದು ಭಯಪಡುವ ಸಂಗತಿಯಲ್ಲ. ಆತನನ್ನು ಇತರರಿಂದ ಬೇರ್ಪಡಿಸಿ ತೋರಿಸುವ ಅವಕಾಶ.

ಹಂಚಿಕೆಗೆ ಮಿತಿ, ಮಿತಿಗೆ ನಿಯಮ

ಇಷ್ಟನ್ನೂ ತೂಗಿ ನೋಡಿದಾಗ, ಮಧ್ಯವರ್ತಿಗಳು ಆಸ್ತಿ ಮಾಹಿತಿಯನ್ನು ತಾಣಗಳೊಂದಿಗೆ ಹಂಚಿಕೊಳ್ಳುವುದೇ ಯುಕ್ತ. ಆದರೆ ಅದು ಶರತ್ತುಬದ್ಧ ಹಂಚಿಕೆಯಾಗಿರಬೇಕು.

ಮೊದಲ ಶರತ್ತು, ಮಾಲೀಕನ ಲಿಖಿತ ಅಧಿಕಾರಪತ್ರ. ಪ್ರಕಟಿಸಬಹುದೆ, ಎಷ್ಟು ವಿವರ, ಎಷ್ಟು ದಿನ, ಜಾಹೀರಾತಿನ ಖರ್ಚು ಯಾರದು, ದಲ್ಲಾಳಿ ಎಷ್ಟು ಎಂಬುದು ಒಂದೇ ಪುಟದಲ್ಲಿ ಇರಲಿ. ಕರಾರು ಕಾಯ್ದೆಯ 219ನೇ ಕಲಂ ಪ್ರಕಾರ, ವಿಶೇಷ ಕರಾರು ಇಲ್ಲದಿದ್ದರೆ ಕೆಲಸ ಪೂರ್ಣಗೊಳ್ಳುವವರೆಗೆ ಪ್ರತಿನಿಧಿಗೆ ಪ್ರತಿಫಲ ಸಲ್ಲುವುದಿಲ್ಲ. ಮಾಹಿತಿ ಸೋರಿ ದಲ್ಲಾಳಿ ಕೈತಪ್ಪುವ ಭಯಕ್ಕೆ ನಿಜವಾದ ಮದ್ದು ಈ ಕಾಗದವೇ ಹೊರತು ಗುಟ್ಟಲ್ಲ. ತೊಂಬತ್ತು ದಿನಗಳ ಮಟ್ಟಿಗೆ ಒಬ್ಬನಿಗೇ ಅಧಿಕಾರ ಕೊಟ್ಟರೆ, ಒಂದೇ ತೋಟ ನಾಲ್ವರ ಹೆಸರಿನಲ್ಲಿ ನಾಲ್ಕು ಬೆಲೆಗೆ ಕಾಣಿಸಿಕೊಂಡು ನಗೆಪಾಟಲಾಗುವುದೂ ತಪ್ಪುತ್ತದೆ.

ಎರಡನೆಯದು, ವಿವರಗಳ ವಿಂಗಡಣೆ. ಗ್ರಾಮ, ವಿಸ್ತೀರ್ಣ, ನೀರಿನ ಸ್ಥಿತಿ, ರಸ್ತೆ, ನಿರೀಕ್ಷಿತ ಬೆಲೆ, ಯಾವ ಯಾವ ದಾಖಲೆಗಳು ಸಿದ್ಧವಿವೆ ಎಂಬುದು ಎಲ್ಲರಿಗೂ ಕಾಣಲಿ. ಸರ್ವೆ ಸಂಖ್ಯೆ, ಮಾಲೀಕನ ಗುರುತು, ದಾಖಲೆಗಳ ಪ್ರತಿ ಸ್ಥಳಕ್ಕೆ ಬಂದು ನೋಡಿದ ನಿಜವಾದ ಗಿರಾಕಿಗೆ ದೊರೆಯಲಿ. ಗೌಪ್ಯ ಬಯಸುವ ವರ್ತಕನ ಆಸ್ತಿ ತಾಣಕ್ಕೆ ಹೋಗದೇ ಇರಲಿ.

ಮೂರನೆಯದು, ಪ್ರಕಟಿಸಿದವನೇ ತೆಗೆಯುವ ಹೊಣೆ. ಆರು ತಿಂಗಳ ಹಿಂದೆ ಮಾರಾಟವಾದ ನಿವೇಶನವನ್ನು ಗಿರಾಕಿ ಸೆಳೆಯುವ ಗಾಳದಂತೆ ಉಳಿಸಿಕೊಳ್ಳುವುದು ವೃತ್ತಿಗೆ ಕಳಂಕ. ಅದನ್ನು ಕಂಡೂ ಕಾಣದಂತಿರುವ ತಾಣಕ್ಕೂ ಆ ಕಳಂಕದಲ್ಲಿ ಪಾಲಿದೆ.

ನಾಲ್ಕನೆಯದು, ಸಾಮೂಹಿಕ ಪ್ರಯತ್ನ. ಅಮೆರಿಕದಲ್ಲಿ ಮಧ್ಯವರ್ತಿಗಳ ಸ್ಥಳೀಯ ಸಂಘಗಳು ಬಹುಕಾಲದಿಂದ ಒಂದು ಸಾಮಾನ್ಯ ಪಟ್ಟಿಯನ್ನು ನಿರ್ವಹಿಸುತ್ತಿವೆ. ಝಿಲೊದಂತಹ ತಾಣವೂ ಆ ಪಟ್ಟಿಗಳನ್ನು ಅವಲಂಬಿಸಬೇಕಾಗಿದೆ. ಆದರೆ ಅದೇ ಪಟ್ಟಿಯ ನೆಪದಲ್ಲಿ ದಲ್ಲಾಳಿಯ ದರವನ್ನು ಕಟ್ಟಿಹಾಕಿದ ಆರೋಪ ಬಂದು, ಅಲ್ಲಿನ ರಾಷ್ಟ್ರೀಯ ಸಂಘವು 2024ರಲ್ಲಿ 41.8 ಕೋಟಿ ಡಾಲರ್‌ಗಳಿಗೆ ರಾಜಿ ಮಾಡಿಕೊಳ್ಳಬೇಕಾಯಿತು. ಜಿಲ್ಲೆಯ ಮಧ್ಯವರ್ತಿಗಳು ವಾಣಿಜ್ಯ ಸಂಘದ ಆಶ್ರಯದಲ್ಲಿ ಒಂದು ಸಾಮಾನ್ಯ ವಹಿಯನ್ನು ಇಟ್ಟುಕೊಳ್ಳಬಹುದು. ಯಾರು ಮೊದಲು ಅಧಿಕಾರಪತ್ರ ತಂದರು ಎಂಬುದು ಅಲ್ಲಿ ದಾಖಲಾದರೆ ಅರ್ಧ ಜಗಳಗಳು ಹುಟ್ಟುವುದೇ ಇಲ್ಲ. ತಾಣಗಳೊಡನೆ ಶುಲ್ಕದ ಮಾತುಕತೆಗೂ ಬಲ ಬರುತ್ತದೆ. ದರವನ್ನು ಮಾತ್ರ ಅದು ನಿಗದಿಪಡಿಸಕೂಡದು.

ಬಾಯಿಮಾತಿನ ಕಾಲದಲ್ಲಿ ದಲ್ಲಾಳಿ ಬಾಳಿದ್ದು ತನಗೆ ಗೊತ್ತಿರುವುದು ಇತರರಿಗೆ ಗೊತ್ತಿಲ್ಲ ಎಂಬ ಬಲದಿಂದ. ಮುಂದೆ ಆತ ಬಾಳಬೇಕಾದದ್ದು ತಾನು ಹೇಳಿದ್ದು ನಿಜ ಎಂಬ ಬಲದಿಂದ. ಬೆಂಗಳೂರಿನ ಗಿರಾಕಿಗೆ ಬಾಗೂರಿನ ತೋಟವನ್ನು ತೋರಿಸುವ ಕೆಲಸವನ್ನು ತಾಣ ಮಾಡಲಿ. ಆ ತೋಟದ ಬಾವಿಯಲ್ಲಿ ಮೇ ತಿಂಗಳಲ್ಲಿ ನೀರಿರುತ್ತದೆಯೆ ಎಂದು ಆತ ಕೇಳಿದಾಗ ನಿಜವಾದ ಉತ್ತರ ಹೇಳಬಲ್ಲವನಿಗೆ ದಲ್ಲಾಳಿ ಕೊಡಲು ಯಾರೂ ಹಿಂಜರಿಯುವುದಿಲ್ಲ.